ಅಳುವ ಮೊದಲೇ ಕುಣಿಸಿದರು

ಟ್ರೆಮೆ, ನ್ಯೂ ಆರ್ಲಿಯನ್ಸ್
ನವೆಂಬರ್ ೧೨, ೨೦೧೯

ಪ್ರೀತಿಯ ಲುಸಿಯೆನ್,

ಹೇಗಿದ್ದೀಯಪ್ಪಾ? ಲಾಸ್ ಏಂಜಲೀಸಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ? ಗಂಟಲು ಜೋಪಾನ. ನನ್ನ ಮಂಡಿ ನೋವು ಇದ್ದದ್ದೇ. ಪಕ್ಕದ ಮನೆಯ ಒಡೆಟ್ ಸೀಗಡಿ ಹಾಕಿದ ಗಂಬೋ ಸಾರು ತಂದಿಟ್ಟಿದ್ದಾಳೆ. ಒಂದು ಚಮಚವೂ ಒಳಗೆ ಇಳಿಯುತ್ತಿಲ್ಲ. ಹಸಿವಿಲ್ಲ ಅಂತಲ್ಲ, ಹೇಸಿಗೆ.

ಶನಿವಾರ ನಿಮ್ಮ ತಾತನನ್ನು ಗೋರಿಗೆ ಸೇರಿಸಿದೆವು. ನೀನು ಬರಲಿಲ್ಲ, ನಿನ್ನ ಪರವಾಗಿ ನಿನ್ನ ಹಾಡಿನ ವಿಡಿಯೋ ತೆಗೆಯುವ ಕ್ಯಾಮೆರಾಗಳು ಬಂದವು, ಜೊತೆಗೆ ನಿನ್ನ ಕಂಪನಿಯ ಒಬ್ಬ ಬಿಳಿ ಬೂಟಿನ ಆಸಾಮಿ. ಹೂವಿನ ಹಾರದ ಮೇಲೆ ಸತ್ತವರ ಹೆಸರಿಗಿಂತ ನಿನ್ನ ಹೆಸರೇ ದೊಡ್ಡದು. ಥೂ!

ನಮ್ಮ ಪದ್ಧತಿ ನಿನಗೆ ಗೊತ್ತಿಲ್ಲದ್ದೇನಲ್ಲ. ಚರ್ಚಿನಿಂದ ಗೋರಿಯವರೆಗೆ ನಿಧಾನದ ಪ್ರಾರ್ಥನಾಗೀತೆ, ಅದೂ ಸಣ್ಣ ಡ್ರಮ್ಮಿನ ತಳದ ತಂತಿ ಸಡಿಲಿಸಿ, ದನಿ ಅಡಗಿಸಿ. ಸತ್ತವರನ್ನು ಕಳಿಸಿಕೊಟ್ಟ ಮೇಲೆಯೇ ತಂತಿ ಬಿಗಿಯುವುದು, ಕುಣಿಯುವುದು. ಹಡಗುಕಟ್ಟೆಯಲ್ಲಿ ಬಾಳೆಗೊನೆ ಹೊರುತ್ತಿದ್ದ ಕಾಲದಲ್ಲೂ, ಪ್ಯಾರಿಸಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ ಮೇಲೂ, ಈ ಬೀದಿಯಲ್ಲಿ ಯಾರು ಸತ್ತರೂ ಮುಂದೆ ನಿಂತು ಟ್ರಂಪೆಟ್ ಊದಿದವರು ನಿಮ್ಮ ತಾತ. ರೆಕಾರ್ಡಿನಲ್ಲಿದ್ದ ಆ ಉಸಿರನ್ನೇ ತುಂಡು ಮಾಡಿ, ಅದರ ಮೇಲೆ ನಿನ್ನ ಮಾತು ಪೋಣಿಸಿ ನೀನು ರ‍್ಯಾಪ್‌ನಲ್ಲಿ ಹೆಸರು ಮಾಡಿದೆ. ಅದಕ್ಕೂ ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನನ್ನ ಟ್ರಂಪೆಟ್‌ಗೆ ಪಡ್ಡೆ ಹುಡುಗ್ರು ತಲೆ ಆಡಿಸ್ತಾರಲ್ಲೇ ಮುದುಕಿ!" ಎಂದು ಹಿಗ್ಗಿದ್ದರು, ಪಾಪ.

ಚರ್ಚಿನ ಮೆಟ್ಟಿಲ ಮೇಲೆ ಆ ಬೂಟಿನವನು ನನ್ನ ಕಿವಿಯ ಹತ್ತಿರ ಬಂದು, "ಅಜ್ಜಿ, ಬಿಸಿಲು ಇಳೀತಿದೆ. ಕುಣಿಯೋದನ್ನ ಮೊದಲು ತಗೊಂಡ್ಬಿಡೋಣ, ಅಳೋದು ಆಮೇಲೂ ಆಗುತ್ತೆ" ಅಂದ. ಕೇಳಿದೆಯಾ ಮಾತು? ಹಾಗೇ ಮಾಡಿ ಎಂದು ನೀನೇ ಫೋನು ಮಾಡಿದ್ದೆಯಂತೆ. ಬ್ಯಾಂಡಿನ ಹುಡುಗರು ಹೇಳಿದರು. ದೊಡ್ಡ ಡ್ರಮ್ ಬಾರಿಸುವ ಇಸಿಡೋರ್ ಮಾಮ, "ಮುದುಕ ಇನ್ನೂ ನಮ್ ಜೊತೆಗೇ ಇದಾನಲ್ರೋ, ಮಾನ ಮರ್ಯಾದೆ ಇಲ್ವಾ ನಿಮಗೆ?" ಎಂದು ಕೋಲು ಕೆಳಗಿಟ್ಟ. ಯಾರು ಕೇಳಬೇಕು? ಪೆಟ್ಟಿಗೆ ಹೊತ್ತವರನ್ನೂ ಕುಣಿಸಿದರು. ಸರಿಬರಲಿಲ್ಲ ಎಂದು ಮತ್ತೆ ಚರ್ಚಿನ ಬಾಗಿಲಿಗೆ ವಾಪಸು ಕರೆದೊಯ್ದು ಇನ್ನೊಮ್ಮೆ ಕುಣಿಸಿದರು. ಒಳಗೆ ನಿಮ್ಮ ತಾತನ ತಲೆ ಹಲಗೆಗೆ ಬಡಿಯುವ ಸದ್ದು ನನಗೆ ಕೇಳಿಸಿತು. ಬಿಸಿಲು ಹೋಯಿತು, ಕ್ಯಾಮೆರಾ ಹೊರಟವು, ಅವುಗಳ ಹಿಂದೆ ಬ್ಯಾಂಡಿನ ಹುಡುಗರೂ ಹೊರಟರು. ನಿಧಾನದ ಗೀತೆಯನ್ನು ಯಾರೂ ನುಡಿಸಲೇ ಇಲ್ಲ. ಊರಿಗೆಲ್ಲ ಊದಿದವರು ಮದುವೆ ದಿಬ್ಬಣದಂತೆ ಹೋದರು.

ಎಷ್ಟು ಬೈದರೂ ನೀನು ನನ್ನ ಮೊಮ್ಮಗನೇ, ಏನು ಮಾಡಲಿ? ದೇವರು ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಒಂದಿಷ್ಟು ನಾಚಿಕೆಯನ್ನೂ ಕೊಡಲಿ.

ನಿನ್ನ ಅಜ್ಜಿ,
ಯೂಲಾಲಿ

ಮರೆತಿದ್ದೆ: ಬರುವ ಭಾನುವಾರ ಇಸಿಡೋರ್ ಮತ್ತು ಹಳೆಯ ವಾದ್ಯದವರು ಚರ್ಚಿನಿಂದ ಗೋರಿಯವರೆಗೆ ಇನ್ನೊಮ್ಮೆ ನಡೆಯುತ್ತಾರೆ, ನಿಧಾನವಾಗಿ. ಟ್ರಂಪೆಟ್ ಊದಲು ಯಾರೂ ಇಲ್ಲ. ಆ ಗೀತೆಯನ್ನು ತಾತ ಟ್ರಂಪೆಟ್‌ನಲ್ಲಿ ಊದಲು ಕಲಿಸಿದ್ದು ನಿನಗೊಬ್ಬನಿಗೇ. ಕ್ಯಾಮೆರಾ ಬಿಟ್ಟು ಒಬ್ಬನೇ ಬಾ. ನಾನು ಇನ್ನೂ ಅತ್ತಿಲ್ಲ ಕಣೋ.