ಉಪ್ಪು ಕೇಳಬಾರದ ಊಟ

ಬೀದರ, ಕೆಳಗಿನ ಓಣಿ.
ಎರಡು ಸಾವಿರದ ನೂರ ತೊಂಬತ್ತೆರಡನೇ ಇಸವಿ, ಫೆಬ್ರವರಿ ಮೂವತ್ತು.

ಡಿಯರ್ ಸರ್ ಆರ್ ಮೇಡಂ,

ತಾರೀಖು ನೋಡಿ ನಕ್ಕಿರುತ್ತೀರಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ನಮ್ಮ ಅಜ್ಜಂದಿರ ಕಾಲದಲ್ಲಿ ಯಾರೋ ತಿಂಗಳುಗಳನ್ನೆಲ್ಲ ಸರಿಸಮ ಮಾಡುತ್ತೇವೆಂದು ಹೊರಟು, ಅರ್ಧಕ್ಕೆ ಬೇಸರ ಬಂದು ಎದ್ದುಹೋದರಂತೆ, ಅಲ್ಲಿಗೆ ನಿಂತಿದೆ. ನನ್ನ ಮಾತುಗಳು ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕನ್ನಡ ನಿಮ್ಮದೇ, ಆದರೆ ನಡುವೆ ಇಷ್ಟು ವರ್ಷ ಹರಿದು ದಂಡೆ ಸರಿದಿದೆ. ಇಂಗ್ಲಿಷನ್ನು ನಾನು ಕಾಲೇಜಿನಲ್ಲಿ ಕಲಿತದ್ದು, ನಿಮ್ಮ ಕಾಲದವರು ಸಂಸ್ಕೃತ ಕಲಿತ ಹಾಗೆ, ಪರೀಕ್ಷೆಯ ಮಟ್ಟಿಗೆ. ಕಾಗದಕ್ಕೆ ಮೇಲೆ ‘ಡಿಯರ್ ಸರ್ ಆರ್ ಮೇಡಂ’ ಬರೆಯಬೇಕು, ಕೆಳಗೆ ‘ಯುವರ್ಸ್ ಫೇತ್‌ಫುಲಿ’ ಬರೆಯಬೇಕು, ಇಷ್ಟು ನೆನಪಿದೆ. ನಡುವೆ ಏನು ಬರೆಯಬೇಕೆಂದು ಮೇಷ್ಟ್ರು ಹೇಳಿಕೊಟ್ಟದ್ದು ಮರೆತಿದೆ. ಹಾಗಾಗಿ ನಡುವಿನದನ್ನು ನನಗೆ ತೋಚಿದಂತೆ ಬರೆಯುತ್ತೇನೆ.

ನಾನಿರುವುದು ನೆಲದ ಕೆಳಗೆ. ಗಾಬರಿಯಾಗಬೇಡಿ, ಸತ್ತಿಲ್ಲ. ಈ ಊರಿನ ಕೆಂಪು ಕಲ್ಲಿನ ಅಡಿಯಲ್ಲಿ ನೀರು ಹರಿಯಲೆಂದು ನಿಮಗಿಂತಲೂ ಹಿಂದಿನವರು ಕೊರೆದ ಸುರಂಗ ಬಾವಿಗಳಿದ್ದವಲ್ಲ, ಅಲ್ಲಿ. ಮೇಲೆ ಬಿಸಿಲು ತಡೆಯದಾದಾಗ ಜನ ಮೊದಲು ಮಧ್ಯಾಹ್ನದ ನಿದ್ದೆಗೆಂದು ಇಳಿದರು, ಆಮೇಲೆ ಅಡುಗೆಗೆ, ಆಮೇಲೆ ಮದುವೆಗೆ. ಈಗ ಮಾಘದಿಂದ ಮಳೆ ಬೀಳುವವರೆಗೆ ಊರೇ ಕೆಳಗೆ. ನಡುವೆ ಕಾಲುವೆ, ಎರಡೂ ಬದಿಗೆ ಮನೆಗಳು. ಬೆಳಕು ಬರುವುದು ಬೆಳಕುಬಾವಿಗಳಿಂದ. ನೆತ್ತಿಯ ಮೇಲೆ ಒಂದು ಬಾಯಿ; ಅದರಿಂದ ಇಳಿದ ಬಿಸಿಲನ್ನು ಕನ್ನಡಿಯಿಂದ ಕನ್ನಡಿಗೆ ಹೊರಳಿಸಿ, ಹೊಲಕ್ಕೆ ನೀರು ತಿರುಗಿಸಿದ ಹಾಗೆ, ಓಣಿ ಓಣಿಗೆ ಹರಿಸುತ್ತಾರೆ. ಹರಿಸುವವರಿಗೆ ಕನ್ನಡಿಗಾರರು ಎನ್ನುತ್ತೇವೆ. ಶಾಲೆಗೆ ಬೆಳ್ಳನೆಯ ಬಿಸಿಲು, ಅಡುಗೆಮನೆಗೆ ಹಳದಿ, ಬಾಣಂತಿ ಕೋಣೆಗೆ ಹಲವು ಕನ್ನಡಿ ದಾಟಿ ಹದಕ್ಕೆ ಬಂದದ್ದು. ಸಂಜೆ ಬಾವಿ ಮುಚ್ಚುವ ಮುಂಚೆ ಕೊನೆಯ ಬಿಸಿಲನ್ನು ಕಾಲುವೆಯ ಮೇಲೆ ಬಿಡುತ್ತಾರೆ, ಅದು ಯಾರಿಗೂ ಸೇರಿದ್ದಲ್ಲ. ಆಗ ಮೀನುಗಳೆಲ್ಲ ತಾಮ್ರದವಾಗುತ್ತವೆ. ನನ್ನ ಹೆಂಡತಿ ಚಂದ್ರಭಾಗಾ ಅದನ್ನು ನೋಡದೆ ದೀಪ ಹಚ್ಚುತ್ತಿರಲಿಲ್ಲ. ಅವಳಿಲ್ಲದೆ ಇದು ಮೂರನೇ ಬೇಸಿಗೆ. ಮೀನು ಈಗಲೂ ತಾಮ್ರದವಾಗುತ್ತವೆ, ದೀಪ ಹಚ್ಚುವುದು ಮಾತ್ರ ನನಗೆ ಮರೆತುಹೋಗುತ್ತದೆ. ಎಲ್ಲಿದ್ದೆ? ಹಾಂ, ಹೆಗಲಿನ ಸಂಗತಿ ಹೇಳಬೇಕಿತ್ತು.

ತಂದೆತಾಯಿ ಇಲ್ಲದ ಮಗು ಮಕ್ಕಳಮನೆಗೆ ಬಂದರೆ ಊರಿನಲ್ಲಿ ಯಾರಾದರೂ ಅದಕ್ಕೆ ಹೆಗಲಾಗುತ್ತಾರೆ. ನೀವು ಅದಕ್ಕೆ ಸ್ಪಾನ್ಸರ್ ಎನ್ನುತ್ತಿದ್ದಿರಿ. ಅದು ಸ್ಪೂನಿಗೆ ಸಂಬಂಧಪಟ್ಟ ಪದ, ಉಣಿಸುವುದರಿಂದ ಬಂದದ್ದು ಎಂದು ನಾನು ಬಹಳ ಕಾಲ ನಂಬಿದ್ದೆ. ಹೆಗಲಾಗುವುದೆಂದರೆ ದತ್ತು ತೆಗೆದುಕೊಳ್ಳುವುದಲ್ಲ. ಮಗು ತನ್ನ ಜೊತೆಯವರೊಂದಿಗೆ ಮಕ್ಕಳಮನೆಯಲ್ಲೇ ಬೆಳೆಯುತ್ತದೆ, ತನ್ನ ಹೆಸರನ್ನೂ ಸತ್ತ ತಾಯಿಯ ಹಾಡನ್ನೂ ತನ್ನಲ್ಲೇ ಇಟ್ಟುಕೊಂಡು. ಅದರ ಊಟ, ಬಟ್ಟೆ, ಓದು, ಔಷಧ ಮಾತ್ರ ಹೆಗಲಿನವರದು. ಹುಣ್ಣಿಮೆಗೊಮ್ಮೆ ಹೋಗಿ ಮಾತಾಡಿಸಿ ಬರುವುದೂ ಅವರದು. ಗುಂಪಿನಲ್ಲಿ ಎತ್ತರ ಸಾಲದ ಮಗುವನ್ನು ಎತ್ತಿ ಕೂರಿಸಿಕೊಂಡರೆ ಅದಕ್ಕೆ ದೂರದ್ದು ಕಾಣುತ್ತದೆ. ಕಾಣುವುದು ಅದಕ್ಕೆ, ಹೊತ್ತವರಿಗಲ್ಲ. ನಾನೂ ಹಾಗೆ ಕೂತು ಬಂದವನೇ. ನನಗೆ ಹೆಗಲಾದವರು ಹೊಲಿಗೆಯ ಜುಲೇಖಾಬಾಯಿ. ಅವರಿಗೆ ಹೆಗಲಾದವರು ಸ್ಟೆಲ್ಲಾ ಟೀಚರ್. ಸ್ಟೆಲ್ಲಾ ಟೀಚರಿಗೆ ಸಂಗಶೆಟ್ಟಿ ಎಂಬ ಬಸ್ ಮೆಕ್ಯಾನಿಕ್. ಸಂಗಶೆಟ್ಟಿಗೆ ನೀವು.

ನಿಮ್ಮ ಹೆಸರು ನಮ್ಮವರೆಗೆ ಬಂದು ಮುಟ್ಟಲಿಲ್ಲ. ಒಬ್ಬರು ಬಸ್ಸಿನಲ್ಲಿ ಬರುತ್ತಿದ್ದರು, ಬಾಳೆಹಣ್ಣು ತರುತ್ತಿದ್ದರು, ತಾನು ಓದುವುದನ್ನು ಬಾಗಿಲಲ್ಲಿ ನಿಂತು ಕೇಳಿ ಹೋಗುತ್ತಿದ್ದರು ಎಂದು ಸಂಗಶೆಟ್ಟಿ ಹೇಳುತ್ತಿದ್ದನಂತೆ. ಗಂಡಸೋ ಹೆಂಗಸೋ ಅದೂ ತಿಳಿಯದು, ಅದಕ್ಕೇ ಸರ್ ಆರ್ ಮೇಡಂ. ಒಂದು ವೇಳೆ ನೀವಿನ್ನೂ ಆ ಬಸ್ಸು ಹತ್ತದೇ ಇರಬಹುದು. ಬರುವ ತಿಂಗಳು ನೋಡೋಣ ಎಂದು ಕೂತಿರಬಹುದು. ನನಗೆ ಅದೇ ದಿಗಿಲು. ನಮ್ಮ ಓಣಿಯ ತುದಿಯ ಹಳೇ ಬಾವಿಗೆ ಕಾಗದ ಬಿಟ್ಟರೆ ಹಿಂದಿನವರಿಗೆ ಮುಟ್ಟುತ್ತದೆ ಎಂಬ ನಂಬಿಕೆ ಇಲ್ಲಿದೆ. ನೀರಿಗೆ ಹಿಂದುಮುಂದಿಲ್ಲ ಎನ್ನುತ್ತಾರೆ. ಬಿಟ್ಟು ನೋಡುತ್ತೇನೆ.

ನಾವಿಬ್ಬರು ಹೆಗಲಾದ ಜಗದೇವಿ ನಮಗೆ ಸಿಕ್ಕಾಗ ಆರು ವರ್ಷದವಳು. ಒಂದು ಕೆಟ್ಟ ಬೇಸಿಗೆ ಅವಳ ತಂದೆತಾಯಿ ಇಬ್ಬರನ್ನೂ ಒಯ್ದಿತ್ತು. ಮೊದಲ ದಿನ ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ನೀವು ಎಲ್ಲೀತನ ಬರ್ತೀರಿ?” ಎಂದು ಕೇಳಿತು ಆ ಕೂಸು. ಚಂದ್ರಭಾಗಾ ಸೆರಗು ಸಿಕ್ಕಿಸಿಕೊಂಡು, “ನೀನಾಗೇ ಸಾಕ್ ಹೋಗ್ರಿ ಅನ್ನೂತನ” ಅಂದಳು. ಹುಡುಗಿ ಸ್ವಲ್ಪ ಯೋಚಿಸಿ, “ಹಂಗಾದ್ರ ಬರ್ರಿ” ಅಂತ ಅಪ್ಪಣೆ ಕೊಟ್ಟಿತು. ಹಾಗೆ ಶುರು. ಅವಳಿಗೆ ಹಲಗೆ ಮೇಲಿನ ಅಕ್ಷರ ಕಾಣುತ್ತಿಲ್ಲವೆಂದು ಕಂಡುಹಿಡಿದು ಕನ್ನಡಕ ಮಾಡಿಸಿದ್ದು ಚಂದ್ರಭಾಗಾ. ಅಲ್ಲಿಯವರೆಗೆ ಎಲ್ಲರೂ ದಡ್ಡಿ ಎಂದು ತಿಳಿದಿದ್ದರು. ಕನ್ನಡಕ ಹಾಕಿದ ದಿನ ಅವಳು ಪಾಠ ಕೇಳಲಿಲ್ಲವಂತೆ, ಗೋಡೆಯ ಮೇಲೆ ಬಿಸಿಲು ಸರಿಯುವುದನ್ನೇ ನೋಡುತ್ತ ಕೂತಿದ್ದಳಂತೆ. ಮುಂದಿನದೆಲ್ಲ ಅಲ್ಲಿಂದಲೇ ಹುಟ್ಟಿರಬೇಕು. ಹದಿನೈದಕ್ಕೆ ಲೆಕ್ಕದಲ್ಲಿ ನಪಾಸಾಗಿ ಓದು ಬಿಡುತ್ತೇನೆಂದಳು. ಚಂದ್ರಭಾಗಾ ಬೈಯಲಿಲ್ಲ. ಮಳೆಗಾಲವಿಡೀ ಅವಳ ಪಕ್ಕ ಕೂತು ತಾನೂ ಅದೇ ಲೆಕ್ಕ ಮಾಡಿದಳು, ಮತ್ತು ಅವಳಿಗಿಂತ ಹೆಚ್ಚು ತಪ್ಪು ಮಾಡಿದಳು. “ಕಾಕೂ, ನಿಮಗ ಕಲಸೂದ್ರಾಗ ನಂಗ ಬಂತ ನೋಡ್ರಿ” ಅಂತ ಹುಡುಗಿ ರೇಗಿಸುತ್ತ ಪಾಸಾಯಿತು. ಆಮೇಲೆ ಕನ್ನಡಿಗಾರರ ಕೈಕೆಳಗೆ ಕಲಿತಳು. ಆಮೇಲೆ ಒಂದು ಕೋಣೆ ಹಿಡಿದಳು, ಕಾಲುವೆಯ ಆಚೆ ದಂಡೆಗೆ.

ಈಗ ಇಳಿಸುವ ಊಟದ ಮಾತು. ಎತ್ತಿದವರಿಗೆ ಇಳಿಸಲು ಬರುವುದಿಲ್ಲ ಎಂದು ನಮ್ಮ ಹಿರಿಯರು ಬೇಗ ಕಂಡುಕೊಂಡಿದ್ದರು. ತಾವು ಹೊತ್ತ ಮಕ್ಕಳ ತಲೆ ನರೆತ ಮೇಲೂ ಹೆಗಲಿನವರು ಅವರ ಮನೆಗೆ ಹೋಗಿ ಬದನೆಕಾಯಿ ಆರಿಸಿಕೊಡುತ್ತಿದ್ದರಂತೆ, ಇಂಥವಳನ್ನು ಲಗ್ನವಾಗು, ಗೋಡೆಗೆ ಇಂಥ ಬಣ್ಣ ಬಳಿ ಎನ್ನುತ್ತಿದ್ದರಂತೆ. ಅದಕ್ಕೊಂದು ಕಟ್ಟಳೆ ಬಂತು. ಬೆಳೆದ ಮಗು ತನ್ನ ದುಡಿಮೆಯ ಕಾಳಿನಿಂದ, ತನ್ನ ಮನೆಯಲ್ಲಿ ಅಡುಗೆ ಮಾಡಿ ಹೆಗಲಿನವರನ್ನು ಕರೆಯುತ್ತದೆ. ಅವರು ಬರಿಗೈಯಲ್ಲಿ ಬರಬೇಕು. ಉಣ್ಣುವುದಕ್ಕಲ್ಲದೆ ಕೈ ಚಾಚಬಾರದು. ತಟ್ಟೆ ಎತ್ತಬಾರದು, ಸಲಹೆ ಕೊಡಬಾರದು, ಉಪ್ಪು ಕಡಿಮೆಯಾದರೆ ಕೇಳಬಾರದು. ಹೊರಡುವಾಗ ಒಂದು ಮಾತನ್ನಂತೂ ಆಡಲೇಬಾರದು: ‘ಏನಾದರೂ ಬೇಕಾದರೆ ಹೇಳು.’ ನೆರೆಮನೆಯವರೊಬ್ಬರು ಸಾಕ್ಷಿ ಕೂತು ಉಣ್ಣುತ್ತಾರೆ. ಉಪ್ಪಿನ ನಿಯಮ ಅವರಿಗೂ ಉಂಟು. ತಪ್ಪಿದರೆ ಆ ಊಟ ಲೆಕ್ಕಕ್ಕಿಲ್ಲ, ಮುಂದಿನ ಬೇಸಿಗೆಗೆ ಮತ್ತೆ. ಹೆಗಲಿಂದ ಇಳಿಯದವರಿಗೆ ಊರು ತನ್ನ ಯಾವ ಕೆಲಸವನ್ನೂ ಪೂರ್ತಿ ವಹಿಸಿಕೊಡುವುದಿಲ್ಲ. ಜಗದೇವಿಗೆ ಬೇಕಿದ್ದದ್ದು ತನ್ನದೇ ಒಂದು ಬೆಳಕುಬಾವಿ.

ಹೋದ ಬೇಸಿಗೆ ನಾನು ಒಬ್ಬನೇ ಊಟಕ್ಕೆ ಹೋದೆ. ಪಕ್ಕದ ಜಾಗ ಖಾಲಿ. ಸೂರ್ಯ ಸರಿದಂತೆ ನನ್ನ ತಟ್ಟೆಯ ಮೇಲಿನ ಬೆಳಕು ಜಾರಿ ಗೋಡೆಗೆ ಹೋಯಿತು. ನಾನು ಏನೂ ಯೋಚಿಸಲಿಲ್ಲ, ಎದ್ದೆ, ಮೂಲೆಯ ಕನ್ನಡಿಯನ್ನು ತುಸು ತಿರುಗಿಸಿ ಬಂದು ಕೂತೆ. ಸಾಕ್ಷಿಗೆ ಕೂತಿದ್ದ ನೆರೆಯ ಖಾಜಾಬಿ ತುತ್ತು ಕೆಳಗಿಟ್ಟು, “ಯಾ ಖುದಾ! ಕನ್ನಡಿಗಾರ್ತಿ ಮನ್ಯಾಗ ಕನ್ನಡಿ ಮುಟ್ಟಿದೆಲ್ಲೋ ಮುದಕಾ! ನಾಳಿ ಕುಂಬಾರನ ಮನ್ಯಾಗ ಗಡಿಗಿ ತಟ್ಟಾಕ ಹೋಗ್ತೀಯೇನು?” ಎಂದಳು. ಜಗದೇವಿ ನಗಲೂ ಇಲ್ಲ, ಅಳಲೂ ಇಲ್ಲ. “ಕಾಕಾ, ನಿಮ್ಮ ಕೈ ನಿಮ್ಮ ಮಾತು ಕೇಳಂಗಿಲ್ಲೇನ್ರಿ?” ಎಂದಳು, ಅಷ್ಟೇ. ಅವಳಿಗೆಂದಿದ್ದ ಬಾವಿ ಬೇರೆಯವರಿಗೆ ಹೋಯಿತು. ಇನ್ನೊಂದು ವರ್ಷ ಪರರ ಕನ್ನಡಿ ಒರೆಸಿದಳು.

ಈ ಬೇಸಿಗೆ ಚೌಬಾರ ಗೋಪುರದ ಕೆಳಗಿನ ದೊಡ್ಡ ಬಾವಿ ತೆರವಾಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕನಿಗೆ ಕಣ್ಣು ಮಂಜಾಗಿತ್ತು. ಇದು ತಪ್ಪಿದರೆ ಇನ್ನು ಅವಳ ಪ್ರಾಯದಲ್ಲಿ ಬೇರೊಂದು ಸಿಗುವ ಹಾಗಿರಲಿಲ್ಲ. ಊಟ ನಿನ್ನೆಗೆ ನಿಗದಿಯಾಗಿತ್ತು. ನಾನು ವಾರದಿಂದ ಮನೆಯಲ್ಲಿ ಎಡಗೈಯನ್ನು ತೊಡೆಯಡಿ ಇಟ್ಟು ಉಣ್ಣುವುದನ್ನು ರೂಢಿ ಮಾಡಿದೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಕೈಯಷ್ಟೇ ನನ್ನ ಭಯವಾಗಿರಲಿಲ್ಲ. ಚಂದ್ರಭಾಗಾ ಹೇಗೆ ನಗುತ್ತಿದ್ದಳು ಎಂದು ತಿಳಿದವರು ಈಗ ಇಬ್ಬರೇ ಉಳಿದಿದ್ದೇವೆ, ನಾನು ಮತ್ತು ಈ ಹುಡುಗಿ. ಇಳಿಸಿದ ಮೇಲೆ ಹುಣ್ಣಿಮೆಯ ಭೇಟಿಯಿಲ್ಲ. ಯಾವ ನೆಪ ಹೇಳಿ ಆ ಬಾಗಿಲು ತಟ್ಟುವುದು?

ಹೋದೆ. ಕೂತೆ. ಈ ಸಲ ಜಗದೇವಿ ಪಕ್ಕದ ಮಣೆಯನ್ನೂ ಹಾಕಿದ್ದಳು, ಅದರ ಮುಂದೆ ಕನ್ನಡಕದ ಹಳೇ ಡಬ್ಬಿ ಇಟ್ಟಿದ್ದಳು. ನಾನು ಅತ್ತ ಬಹಳ ನೋಡಲಿಲ್ಲ. ಉಣ್ಣುವ ಮುಂಚೆ ಮಗು ತನ್ನ ಹೆಗಲಿನ ಸಾಲು ಹೇಳಬೇಕು. ಅವಳು ನಿಂತು ಹೇಳಿದಳು: ನಾನು ಚಂದ್ರಭಾಗಾ ಮತ್ತು ರೇವಣಪ್ಪನವರ ಹೆಗಲ ಮೇಲೆ, ರೇವಣಪ್ಪ ಜುಲೇಖಾಬಾಯಿ ಹೆಗಲ ಮೇಲೆ, ಜುಲೇಖಾಬಾಯಿ ಸ್ಟೆಲ್ಲಾ ಟೀಚರ್ ಹೆಗಲ ಮೇಲೆ, ಸ್ಟೆಲ್ಲಾ ಟೀಚರ್ ಸಂಗಶೆಟ್ಟಿ ಹೆಗಲ ಮೇಲೆ, ಸಂಗಶೆಟ್ಟಿ ಹೆಸರು ತಿಳಿಯದವರ ಹೆಗಲ ಮೇಲೆ. ಹೇಳಿ, ನಿಮ್ಮದೆಂದು ಒಂದು ತುತ್ತನ್ನು ಎಲೆಯ ಮೇಲೆ ಬೇರೆ ಇಟ್ಟಳು. ಅದು ರೂಢಿ.

ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ. ಮೊದಲ ತುತ್ತು ಬಾಯಿಗಿಟ್ಟೆ. ಪಲ್ಯಕ್ಕೆ ಉಪ್ಪೇ ಇಲ್ಲ! ಗಾಬರಿಯಲ್ಲಿ ಮರೆತಿದ್ದಾಳೆ. ಪುಂಡಿಯ ಹುಳಿಗೆ ಉಪ್ಪಿಲ್ಲದಿದ್ದರೆ ಹೇಗಿರುತ್ತದೆಂದು ನಿಮಗೆ ಹೇಳಬೇಕೇ, ಕಿವಿಯವರೆಗೆ ಜುಂ ಎಂದಿತು. ನಾನು ಖಾಜಾಬಿಯನ್ನು ನೋಡಿದೆ, ಖಾಜಾಬಿ ನನ್ನನ್ನು ನೋಡಿದಳು. ಅವಳ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತ್ತು. ಅತಿಥಿಗಳು ಎದ್ದ ಮೇಲೆಯೇ ಅಡುಗೆ ಮಾಡಿದವರು ಉಣ್ಣಬೇಕಾದ್ದರಿಂದ ಜಗದೇವಿಗೆ ಏನೂ ತಿಳಿಯದು. “ಇನ್ನಷ್ಟು ಹಾಕ್ಲ್ಯಾ?” ಎಂದಳು. “ಹಾಕವಾ” ಎಂದೆ. ಖಾಜಾಬಿ ಕೆಮ್ಮಿದಳು.

ಆಗ ಬೆಳಕು ಜಾರಿತು. ಹೋದ ವರ್ಷದ ಹಾಗೆಯೇ, ತಟ್ಟೆಯಿಂದ ನೆಲಕ್ಕೆ, ನೆಲದಿಂದ ಗೋಡೆಗೆ. ನಾನು ತೊಡೆಯಡಿಯ ಕೈಯನ್ನು ಇನ್ನೂ ಒಳಕ್ಕೆ ಒತ್ತಿದೆ. ಅರೆಗತ್ತಲಲ್ಲಿ ರೊಟ್ಟಿ ಮುರಿದೆ. ಜಗದೇವಿ ಒಲೆಯ ಹತ್ತಿರದಿಂದಲೇ ನೋಡಿದಳು. ಎದ್ದುಬರಲಿಲ್ಲ, ಪಕ್ಕದ ಗೂಡಿನಲ್ಲಿದ್ದ ಅಂಗೈಯಗಲದ ಕನ್ನಡಿಯೊಂದನ್ನು ಕಿರುಬೆರಳಿಂದ ಮುಟ್ಟಿದಳು. ಗೋಡೆಯ ಬೆಳಕು ಅಲ್ಲಿಂದ ಹಾರಿ, ಸೂರಿಗೆ ತಾಕಿ, ಕಾಲುವೆಯ ನೀರಿನಿಂದ ನಡುಗುತ್ತ ಎದ್ದು ಬಂದು, ಮೊದಲು ಪಕ್ಕದ ಮಣೆಯ ಮೇಲೆ ಒಂದು ಗಳಿಗೆ ಕೂತು, ಆಮೇಲೆ ನನ್ನ ತಟ್ಟೆಗೆ ಬಂತು. ನಾನು ಹೋದ ವರ್ಷ ಮುಟ್ಟಿದ್ದು ತಪ್ಪು ಕನ್ನಡಿಯಾಗಿತ್ತು ಎಂದೂ ಆಗಲೇ ತಿಳಿದದ್ದು. ಇವಳಿಗೆ ಇನ್ನು ನನ್ನಿಂದ ಆಗಬೇಕಾದ್ದೇನೂ ಇಲ್ಲ. ಎದೆ ಹಗುರಾಯಿತು, ಮೈಮೇಲೆ ಹೊತ್ತದ್ದನ್ನು ಇಳಿಸಿದಾಗ ಹೆಗಲು ಸ್ವಲ್ಪ ಹೊತ್ತು ತಾನೇ ಮೇಲೇಳುತ್ತದಲ್ಲ, ಹಾಗೆ.

ಕೈ ತೊಳೆದು ಬಾಗಿಲಿಗೆ ಬಂದೆ. ಆ ಆಡಬಾರದ ಮಾತು ನಾಲಿಗೆಯ ತುದಿಗೇ ಬಂದು ಕೂತಿತ್ತು. ಅದನ್ನು ನುಂಗಿ, “ಬರ್ತೀನವಾ” ಎಂದೆ. ಖಾಜಾಬಿ ಕೈಯೆತ್ತಿ, “ಇಳೀತು!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಮುಗಿಯಿತು. ನಾನು ಹೊಸ್ತಿಲು ದಾಟಿದೆ. ಹಿಂದಿನಿಂದ ಜಗದೇವಿ, “ಕಾಕಾ” ಎಂದಳು. ತಿರುಗಿದೆ. “ಏನಾರ ಬೇಕಾದ್ರ ಹೇಳ್ರಿ ಮತ್ತ. ಸಂಕೋಚ ಮಾಡ್ಕೋಬ್ಯಾಡ್ರಿ.”

ಖಾಜಾಬಿ, “ಏ ಹುಡುಗೀ, ಆ ಮಾತು—” ಎಂದವಳು ಬಾಯಿ ತೆರೆದಂತೆ ನಿಂತಳು. ಕಟ್ಟಳೆ ಇರುವುದು ಹೆಗಲಿನವರಿಗೆ. ಮಗುವೇ ಅದನ್ನು ಆಡೀತೆಂದು ಹಿರಿಯರಿಗೆ ಹೊಳೆದೇ ಇರಲಿಲ್ಲ. ನನಗೆ ಬೇಕಾದ್ದು ಬಹಳ ಇತ್ತು, ಎಲ್ಲಿಂದ ಶುರು ಮಾಡುವುದು? ಕೊನೆಗೆ, “ಒಂದ್ ಚಿಟಿಕಿ ಉಪ್ಪು ಬೇಕಿತ್ತವಾ” ಎಂದೆ. “ನನಗ ಒಂದ್ ಹಿಡಿ!” ಎಂದಳು ಖಾಜಾಬಿ. ಜಗದೇವಿ ಓಡಿಹೋಗಿ ಪಲ್ಯ ನಾಲಿಗೆಗೆ ಹಚ್ಚಿಕೊಂಡು ಹಣೆ ಬಡಿದುಕೊಂಡಳು. ಆಮೇಲೆ ಮೂವರೂ ನೆಲಕ್ಕೆ ಕೂತು ನಕ್ಕೆವು. ಹುಡುಗಿ ನಗುವಾಗ ಒಂದು ಕೈಯಿಂದ ಹೊಟ್ಟೆ ಹಿಡಿದು ಇನ್ನೊಂದರಿಂದ ಪಕ್ಕದವರನ್ನು ಹೊಡೆಯುತ್ತಾಳೆ. ಅದು ಚಂದ್ರಭಾಗಾಳ ನಗು. ಯಾವಾಗ ಕಲಿತಳೋ. ಮತ್ತೆ ಒಳಗೆ ಹೋಗಿ, ಉಪ್ಪು ಹಾಕಿಕೊಂಡು, ಸಾಕ್ಷಿಯಿಲ್ಲದೆ ಎರಡನೇ ಸಲ ಉಂಡೆವು.

ಈ ಹೊತ್ತು ನನ್ನ ಹಾಳೆಯ ಮೇಲೆ ಬಿದ್ದಿರುವ ಬಿಸಿಲು ಚೌಬಾರದ ಬಾವಿಯದು, ಅವಳು ಬಿಟ್ಟದ್ದು. ಸಂಜೆ ಮೀನು ನೋಡಲು ಬರುತ್ತೇನೆ, ದೀಪ ನಾನೇ ಹಚ್ಚುತ್ತೇನೆ ಎಂದಿದ್ದಾಳೆ. ಬರುವ ಹುಣ್ಣಿಮೆಗೆ ಮಕ್ಕಳಮನೆಗೆ ಹೋಗುವವಳಂತೆ, ಹೆಗಲಾಗಲು.

ಆದ್ದರಿಂದ ಸರ್ ಆರ್ ಮೇಡಂ, ದಯಮಾಡಿ ಬಸ್ಸು ಹತ್ತಿ. ಬಾಳೆಹಣ್ಣು ಒಯ್ಯುವುದು ಮರೆಯಬೇಡಿ. ಬಾಗಿಲಲ್ಲೇ ನಿಲ್ಲದೆ ಒಳಗೆ ಹೋಗಿ ಕೂತು ಆ ಹುಡುಗನಿಗೆ ನಿಮ್ಮ ಹೆಸರು ಹೇಳಿ. ನಮ್ಮ ಸಾಲಿನಲ್ಲಿ ಅದೊಂದು ಜಾಗ ಖಾಲಿ ಇದೆ. ಅವನು ದೊಡ್ಡವನಾಗಿ ಊಟಕ್ಕೆ ಕರೆದರೆ ಹೋಗಿ, ಕೈ ಕಟ್ಟಿಕೊಂಡು ಉಣ್ಣಿ.

ಇನ್ನೊಂದು ವಿಷಯ. ನಿನ್ನೆ ನಿಮ್ಮ ತುತ್ತಿಗೂ ಉಪ್ಪಿರಲಿಲ್ಲ. ಅದಕ್ಕೂ ಜಗದೇವಿ ಆಮೇಲೆ ಒಂದು ಚಿಟಿಕೆ ಹಾಕಿದ್ದಾಳೆ. ಬೇಸರ ಮಾಡಿಕೊಳ್ಳಬೇಡಿ.

ಬರ್ತೀನಿ.

ಯುವರ್ಸ್ ಫೇತ್‌ಫುಲಿ,
ರೇವಣಪ್ಪ