ಎಡೆಯ ಮುಂದಿನ ಲೋಟ

ಸ್ನೇಹಾನ ಅಪ್ಪಾರೇ,

ಇಂದು ಮಹಾನವಮಿ ಅಮಾವಾಸ್ಯೆ, ಪಿತೃಪಕ್ಷದ ಕೊನೆಯ ದಿನ. ನೀವು ಹೋದಮೇಲೆ ಮೊದಲ ಸಲ ನಿಮ್ಮ ಫೋಟೋದ ಮುಂದೆ ಹಿರಿಯರ ಎಡೆ ಇಟ್ಟೆವು. ಹೋಳಿಗೆ, ಎಣ್ಣೆಗಾಯಿ ಎಲ್ಲ ಮಾಡಿದ್ದೆ. ಒಂದು ಲೋಟ ಬ್ರಾಂಡಿಯನ್ನೂ ಇಡಬೇಕೆಂದು ನಿಮ್ಮ ಅವ್ವ ಹಟ ಹಿಡಿದರು.

"ಅದರಿಂದನ ಜೀವ ಹೋತಲ್ರೀ ಅತ್ತಿ," ಅಂದೆ.

"ಬಯಸಿದ್ದು ಇಡಬೇಕವಾ. ಇಲ್ಲಂದ್ರ ಹಸಕೊಂಡು ಹೋಗ್ತಾನ."

ಮೈದುನ ಬೆಟಗೇರಿಯಿಂದ ತಂದ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತೆವು. ಸ್ನೇಹಾ ಮಾತ್ರ ನೀರು ಕುಡಿದು ಬರುತ್ತೇನೆಂದು ಹಿತ್ತಲಿನಿಂದ ಒಳಗೆ ಹೋದಳು.

ಬಾಗಿಲು ತೆರೆದಾಗ ಹೋಳಿಗೆ ಇಟ್ಟ ಹಾಗೆಯೇ ಇತ್ತು. ಲೋಟ ಬರಿದಾಗಿತ್ತು. ನಿಮ್ಮ ಅವ್ವ ಕೈಮುಗಿದು ಅತ್ತರು. "ನನ್ನ ಮಗ ಬಂದಿದ್ದ, ನೋಡು."

ನಾನು ಅಡುಗೆಮನೆಗೆ ಹೋದೆ. ಹತ್ತನೇ ತರಗತಿ ಓದುವ ನಿಮ್ಮ ಮಗಳು ಗೋಡೆಗೆ ಒರಗಿ ನಿಂತಿದ್ದಳು. ಬಾಯಿಂದ ಲವಂಗದ ವಾಸನೆ ಬರುತ್ತಿತ್ತು.

"ಲವಂಗ ಯಾಕ ತಿಂದಿ?"

"ಹಲ್ಲು ನೋಯಾಕತ್ತಿತ್ತವಾ."

ನೀವೂ ಇದನ್ನೇ ಹೇಳುತ್ತಿದ್ದಿರಿ. ಒಳಗೆ ಬರುವ ಮೊದಲು ಹಿತ್ತಲ ಬಾಗಿಲಲ್ಲಿ ನಿಂತು, ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ ಅವಳನ್ನು ಸನ್ನೆ ಮಾಡಿ ಕರೆದು, ಲವಂಗ ತರಿಸಿಕೊಳ್ಳುತ್ತಿದ್ದಿರಿ. ಅವಳ ಕೈಗೆ ಎಟುಕಲೆಂದು ನೀವು ಕೆಳಗಿನ ಗೂಡಿಗೆ ಇಳಿಸಿದ ಡಬ್ಬಿ ಇನ್ನೂ ಅಲ್ಲಿಯೇ ಇದೆ.

ನೀವು ಬಂದಿದ್ದಿರೆಂದು ನಿಮ್ಮ ಅವ್ವ ಓಣಿಗೆಲ್ಲ ಹೇಳುತ್ತಿದ್ದಾರೆ. ನಾನು ಅಲ್ಲವೆನ್ನಲಿಲ್ಲ.

ಬಂದಿದ್ದಿರಿ.