ನೂರ ಎಂಬತ್ತು ದಿನದ ಮೊಮ್ಮಗಳು

ಸಿ.ಎಸ್. ಪುರ, ಗುಬ್ಬಿ ತಾಲ್ಲೂಕು
೧೧-೬-೨೦೨೬, ಗುರುವಾರ

ನನ್ನ ಮುದ್ದು ಪ್ರೇಮಲತಾಗೆ ಅಮ್ಮನ ಆಶೀರ್ವಾದ.

ಬೆನ್ನು ಹೇಗಿದೆಯೇ? ಆಪರೇಷನ್ ಆದ ಜಾಗದಲ್ಲಿ ಇನ್ನೂ ಸೆಳೆತ ಇದೆಯಾ? ಆ ಚಳಿದೇಶದಲ್ಲಿ ಬರಿಗಾಲಲ್ಲಿ ಓಡಾಡಬೇಡ ಎಂದರೆ ನಿನ್ನ ಕಿವಿಗೆ ಹೋಗುವುದೇ ಇಲ್ಲ. ನಾವು ಕ್ಷೇಮ ಎಂದು ಬರೆಯಬೇಕು, ಬರೆದರೆ ಸುಳ್ಳಾಗುತ್ತದೆ. ಫೋನಿನಲ್ಲಿ ಬಾಯಿ ತೆರೆದರೆ ಅಳು ನುಗ್ಗಿ ಬರುತ್ತದೆ. ಅದಕ್ಕೇ ಕಾಗದದಲ್ಲಿ ಬರೆದು, ನಾನೇ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಮಗಳು ಇಂಚರಳ ಪಾಸ್‌ಪೋರ್ಟ್ ಇನ್ನೂ ಸಿಕ್ಕಿಲ್ಲ ಕಣೇ. ನಿನ್ನ ಅಣ್ಣ ಶಿವಮೂರ್ತಿ ಬೀರು, ಅಟ್ಟ, ಹಾಸಿಗೆಯ ಕೆಳಗೆ ಎಲ್ಲ ಜಾಲಾಡಿದ. ನಿನ್ನೆ ತುಮಕೂರಿಗೆ ಹೋಗಿ ವಕೀಲರನ್ನೂ ಕೇಳಿಕೊಂಡು ಬಂದ. ಅವರು ಹೇಳಿದ್ದು ಇಷ್ಟು: "ವೀಸಾ ಐದು ವರ್ಷದ್ದೇ. ಆದ್ರೆ ಒಂದ್ಸಲ ಬಂದ್ರೆ ನೂರ ಎಂಬತ್ತು ದಿನ ಅಷ್ಟೇ. ಮಗು ಇಂಗ್ಲೆಂಡ್ ಪ್ರಜೆ ಕಣ್ರೀ, ಇಲ್ಲಿಗೆ ಟೂರಿಸ್ಟು." ಡಿಸೆಂಬರ್ ಇಪ್ಪತ್ತೆರಡಕ್ಕೆ ಬಂದವಳಿಗೆ ಇದೇ ಹತ್ತೊಂಬತ್ತು, ಶುಕ್ರವಾರಕ್ಕೆ ಮುಗಿಯುತ್ತದಂತೆ. ಮೀರಿದರೆ ಮುಂದೆ ಈ ದೇಶಕ್ಕೆ ವೀಸಾ ಸಿಗುವುದೇ ಕಷ್ಟವಾಗಬಹುದಂತೆ.

ಟೂರಿಸ್ಟಂತೆ ಟೂರಿಸ್ಟು! ನಮ್ಮ ತೋಟದ ಎಳನೀರು ಕುಡಿದು ನನ್ನ ಸೆರಗಿಗೇ ಮೂತಿ ಒರೆಸುವವಳು ಟೂರಿಸ್ಟಾ? ಅರಮನೆ ನೋಡಲು ಬಂದಳೇ, ಆನೆ ಸವಾರಿಗೆ ಬಂದಳೇ? ನಿನಗೆ ಮಗು ಎತ್ತಲಾಗುವುದಿಲ್ಲ, ಅಳಿಯಂದಿರಿಗೆ ರಾತ್ರಿ ಪಾಳಿ ಎಂದು ತಾನೇ ನನ್ನ ಮಡಿಲಿಗೆ ಹಾಕಿ ಹೋದೆ? ವೀಸಾ ಕಾಗದದಲ್ಲಿ ಐದು ವರ್ಷ ಎಂದಿದ್ದದ್ದನ್ನು ನೋಡಿ ನಾನು ಊರಿಗೆಲ್ಲ ಸಾರಿದೆ, "ಒಂದನೇ ಕ್ಲಾಸ್ ಮುಗ್ಸೋಗಂಟ ನನ್ ಹತ್ರಾನೇ ಇರ್ತಾಳೆ" ಅಂತ. ಅಂಗನವಾಡಿಗೂ ಕಳಿಸಿದೆ. ನಿನ್ನ ಅಪ್ಪ ಹೋದ ಮೇಲೆ ಈ ಮನೆಯಲ್ಲಿ ನಾನು ಬಾಯಿ ತುಂಬ ನಕ್ಕಿದ್ದು ಈ ಆರು ತಿಂಗಳೇ ಕಣೇ. ರಾತ್ರಿ ನನ್ನ ಬಳೆ ಹಿಡಿದುಕೊಳ್ಳದೆ ಅವಳಿಗೆ ನಿದ್ದೆ ಬರುವುದಿಲ್ಲ.

ನಿನ್ನ ಜೊತೆ ಕೆಲಸ ಮಾಡುವ ಕುಣಿಗಲ್ಲಿನ ಭಾನುಪ್ರಿಯಾ ಫೋನ್ ಮಾಡಿದ್ದಳು. ರಜೆ ಮುಗಿಸಿ ಹದಿನೇಳಕ್ಕೆ ಹೊರಡುತ್ತಾಳಂತೆ. "ಮಗೂನ ನಾನೇ ಕರ್ಕೊಂಡೋಗ್ತೀನಿ ಆಂಟಿ, ಪಾಸ್‌ಪೋರ್ಟ್ ಹುಡುಕಿಡಿ" ಎಂದಳು. ಒಳ್ಳೆಯ ಹುಡುಗಿಯೇ, ಆದರೂ ಅವಳ ಮೇಲೆ ನನಗೆ ಎಂಥ ಸಿಟ್ಟು ಬಂತು ಗೊತ್ತಾ! ಪಾಸ್‌ಪೋರ್ಟೇ ಇಲ್ಲದ ಮೇಲೆ ಮಗುವನ್ನು ಎಲ್ಲಿಗೆ ಕಳಿಸುವುದು? ಪಾಸ್‌ಪೋರ್ಟ್ ಕಳೆದಿದೆ ಎಂದು ಶಿವಮೂರ್ತಿ ನಾಳೆ ಪೊಲೀಸ್ ಕಂಪ್ಲೇಂಟ್ ಕೊಡುತ್ತಾನಂತೆ. ನೀನಾದರೂ ಬೇಡ ಎನ್ನು. ಇನ್ನೊಂದು ಆರು ತಿಂಗಳು ಇಲ್ಲೇ ಇರಲಿ ಬಿಡೇ, ಕೈಮುಗಿಯುತ್ತೇನೆ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಹೊತ್ತು ಹೊತ್ತಿಗೆ ಊಟ ಮಾಡು. ದೇವರು ನಿನ್ನ ಬೆನ್ನಿಗೆ ಬಲ ಕೊಡಲಿ.

ನಿನ್ನ ಅಮ್ಮ,
ಗಂಗಲಕ್ಷ್ಮಮ್ಮ

ವಿ.ಸೂ.: ಬರೆದು ಮುಗಿಸಿ ಪೆನ್ನು ಇಡುತ್ತಿದ್ದೆ, ಇಂಚರ ಕೊಬ್ಬರಿ ಎಣ್ಣೆ ಸೀಸೆ ಹಿಡಿದುಕೊಂಡು ಬಂದಳು. "ಅಜ್ಜಿ, ಇದ್ನ ನನ್ ಬ್ಯಾಗ್‌ಗೆ ಹಾಕು. ಅಮ್ಮಂಗೆ ಬೆನ್ನಿಗೆ ಹಚ್ಬೇಕು" ಅಂದಳು. ಪಾಸ್‌ಪೋರ್ಟ್ ಕಳೆದಿಲ್ಲ ಕಣೇ. ನಮ್ಮವ್ವ ಕಿವಿಯ ಓಲೆ, ಜಮೀನಿನ ಪತ್ರ ಬಚ್ಚಿಡುತ್ತಿದ್ದ ಹಾಗೆ ನಾನೇ ಅದನ್ನು ರಾಗಿ ಹಿಟ್ಟಿನ ಡಬ್ಬದ ತಳದಲ್ಲಿ ಇಟ್ಟಿದ್ದೆ. ಎಂಟು ದಿನದಿಂದ ಶಿವಮೂರ್ತಿ ಮನೆಯೆಲ್ಲ ಹುಡುಕಿ ಬಂದು ಅದೇ ಹಿಟ್ಟಿನ ಮುದ್ದೆ ಉಂಡಿದ್ದಾನೆ. ಈಗ ತೆಗೆದು ಒರೆಸಿದ್ದೇನೆ. ಹಾಳೆಗಳ ಸಂದಿಯಲ್ಲಿ ಇನ್ನೂ ಹಿಟ್ಟಿದೆ, ಬೈಯಬೇಡ. ಭಾನುಪ್ರಿಯಾಗೆ ಈಗಲೇ ಫೋನ್ ಮಾಡಿ ಇವತ್ತೇ ಬಂದು ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಲು ಹೇಳು. ನಾಳೆವರೆಗೆ ಅದು ನನ್ನ ಕೈಯಲ್ಲಿ ಇರುವುದು ಬೇಡ.